ಅವ್ವನ ಸಂದರ್ಶನ ಮಾಡಿದ ಸೆಮಿಸ್ಟರ್

ಬಾಗಲಕೋಟೆಯಲ್ಲಿ ಡಿಗ್ರಿಗೆ ಸೇರಿದಾಗ ನಾನು ಮನಃಶಾಸ್ತ್ರವನ್ನೂ ಮಾನವ ಸಂಪನ್ಮೂಲ ನಿರ್ವಹಣೆಯನ್ನೂ ಒಟ್ಟಿಗೆ ತೆಗೆದುಕೊಂಡೆ. ಗುಡೂರಿನ ನಮ್ಮ ಮನೆಯಲ್ಲಿ ಈ ಎರಡು ಹೆಸರನ್ನು ತಡವರಿಸದೆ ಹೇಳುವವಳು ನಾನೊಬ್ಬಳೇ ಆಗಿದ್ದೆ. ಅಪ್ಪ ಬಸ್ ಕಂಡಕ್ಟರ್. ಪ್ರಯಾಣಿಕರಲ್ಲಿ ಪರಿಚಯದವರು ಯಾರಾದರೂ "ಮಗಳು ಏನ ಕಲಿಯಾಕತ್ತಾಳ್ರಿ?" ಎಂದು ಕೇಳಿದರೆ "ಎಚ್‌ಆರ್" ಎಂದು ಚುಟುಕಾಗಿ ಹೇಳಿ ಮುಂದಿನ ಸೀಟಿಗೆ ಹೋಗಿಬಿಡುತ್ತಿದ್ದ. ಮನಃಶಾಸ್ತ್ರದ ವಿಷಯ ಎತ್ತುತ್ತಲೇ ಇರಲಿಲ್ಲ. ಅದನ್ನು ಎತ್ತಿದವಳು ಅಪ್ಪನ ತಾಯಿ, ನಮ್ಮ ಆಯಿ.

"ಹುಚ್ಚರ ದವಾಖಾನ್ಯಾಗ ಕೆಲಸ ಮಾಡ್ತೀಯೇನ ನೀ?"

"ಇಲ್ಲ ಆಯಿ. ಮನುಷ್ಯಾರ ಮನಸ್ಸು ಹೆಂಗ ನಡೀತೈತಿ ಅಂತ ಕಲಿಯೂದು."

"ಅಷ್ಟಕ್ಕ ಬಾಗಲಕೋಟಿಗೆ ಯಾಕ? ನಮ್ಮ ಓಣಿ ನಳದ ಮುಂದ ನಿಂತರ ತಿಳೀತಿತ್ತಲ್ಲ."

ಕಾಲೇಜಿನಲ್ಲಿ ಬೆಳಿಗ್ಗೆ ಮನಃಶಾಸ್ತ್ರ, ಊಟದ ನಂತರ ಎಚ್‌ಆರ್. ಮೊದಲನೆಯದು ಕೆಳಗಿನ ಕೋಣೆಯಲ್ಲಿ, ಹೆಚ್ಚು ಕಡಿಮೆ ಎಲ್ಲರೂ ಹುಡುಗಿಯರೇ. ಎರಡನೆಯದು ಮಾಳಿಗೆಯ ಮೇಲೆ, ಕಾಮರ್ಸಿನ ಹುಡುಗರ ಜೊತೆ. ಒಂದೊಂದು ದಿನ ಎರಡೂ ಕಡೆ ಒಂದೇ ಪಾಠ ನಡೆಯುತ್ತಿತ್ತು. ಮನುಷ್ಯನಿಗೆ ಕೆಲಸ ಮಾಡಬೇಕೆಂಬ ಮನಸ್ಸು ಎಲ್ಲಿಂದ ಬರುತ್ತದೆ ಎಂದು ಕೆಳಗೆ ಮೇಡಂ ಕೇಳುತ್ತಿದ್ದರು. ಆ ಮನಸ್ಸನ್ನು ಹೇಗೆ ಬರಿಸಬೇಕು ಎಂದು ಮೇಲೆ ಸರ್ ಹೇಳುತ್ತಿದ್ದರು. ಆ ಮೆಟ್ಟಿಲು ಹತ್ತುವಾಗ ನನಗೆ ಒಳಗೊಳಗೇ ಖುಷಿ. ಒಂದೇ ಮನೆಗೆ ಮುಂಬಾಗಿಲಿನಿಂದಲೂ ಹಿತ್ತಿಲಿನಿಂದಲೂ ಹೋಗುವ ದಾರಿ ನನಗೊಬ್ಬಳಿಗೇ ಗೊತ್ತು ಅನ್ನಿಸುತ್ತಿತ್ತು.

ಮನಃಶಾಸ್ತ್ರದ ಪ್ರಯೋಗಗಳಲ್ಲಿ ಕನ್ನಡಿ ನೋಡಿ ನಕ್ಷತ್ರ ಬರೆಯುವುದೊಂದಿತ್ತು. ಕೈಗೆ ಪರದೆ ಅಡ್ಡ ಇಟ್ಟು, ಎದುರಿನ ಕನ್ನಡಿಯಲ್ಲಿ ಮಾತ್ರ ನೋಡುತ್ತ ಹಾಳೆಯ ಮೇಲಿನ ನಕ್ಷತ್ರದ ಗೆರೆ ತಿದ್ದಬೇಕು. ಪೆನ್ಸಿಲ್ ಮುಂದಕ್ಕೆ ಹೋಗು ಅಂದರೆ ಹಿಂದಕ್ಕೆ ಓಡುತ್ತದೆ. ನವನಗರದ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿಗೆ ಇದನ್ನು ಮಾಡಿಸಿದೆ. ಅವಳು ಬದಾಮಿ ಹತ್ತಿರದ ಚೊಳಚಗುಡ್ಡದವಳು, ರಂಗೋಲಿಯಲ್ಲಿ ಎತ್ತಿದ ಕೈ. ನಕ್ಷತ್ರ ಬರೆಯಲು ಕುಳಿತವಳು ಕೊನೆಗೆ ಹಾಗಲಕಾಯಿ ಬರೆದು ಎದ್ದಳು. ಆಮೇಲೆ ಹಾಸ್ಟೆಲಿನ ಹುಡುಗಿಯರೆಲ್ಲ ಸಾಲುಗಟ್ಟಿ ಬಂದು ತಂತಮ್ಮ ಹಾಗಲಕಾಯಿ ಬರೆದು ಹೋದರು.

ಕೊನೆಯ ವರ್ಷದಲ್ಲಿ ಎಚ್‌ಆರ್ ಸರ್ ಒಂದು ಪ್ರಾಜೆಕ್ಟ್ ಕೊಟ್ಟರು. ನಮಗೆ ಬೇಕಾದ ಒಂದು ಹುದ್ದೆಯನ್ನು ಆರಿಸಿಕೊಂಡು, ಆ ಹುದ್ದೆಗೆ ಕಾಲೇಜಿನ ಹೊರಗಿನ ಮೂವರ ಸಂದರ್ಶನ ಮಾಡಿ ವರದಿ ಬರೆಯಬೇಕು. ಹುಡುಗಿಯರ ಹಾಸ್ಟೆಲಿಗೆ ಮೇಲ್ವಿಚಾರಕಿಯ ಹುದ್ದೆಯನ್ನು ನಾನು ಆರಿಸಿಕೊಂಡು, ದಸರಾ ರಜೆಗೆ ಊರಿಗೆ ಬಂದೆ. ಪಕ್ಕದ ಮನೆಯ ಸೊಸೆ, ನನ್ನ ಚಿಕ್ಕಪ್ಪನ ಮಗಳು, ಇಬ್ಬರದೂ ಸಲೀಸಾಗಿ ಮುಗಿಯಿತು. ಬರುತ್ತೇನೆಂದಿದ್ದ ಮೂರನೆಯವರು ಹುನಗುಂದಕ್ಕೆ ಯಾವುದೋ ಸೀಮಂತಕ್ಕೆ ಹೋಗಿಬಿಟ್ಟರು. ನಾನು ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದನ್ನು ನೋಡಿ ಅಪ್ಪ ಅಂದ:

"ನಿಮ್ಮವ್ವನ್ನ ಮಾಡು. ಖಾಲಿನ ಅದಾಳ."

ಅವ್ವ ಆಗ ಚಟ್ನಿಗೆ ಶೇಂಗಾ ಹುರಿಯುತ್ತಿದ್ದಳು. ಇನ್ನೊಂದು ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಅಪ್ಪನತ್ತ ಒಮ್ಮೆ ನೋಡಿ, ಎರಡೂ ಒಲೆ ಆರಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದಳು. ಕುರ್ಚಿಯ ಮೇಲೆ ಕೂಡ್ರಲು ಒಲ್ಲೆ ಅಂದಳು. ಸಂದರ್ಶನಕ್ಕೆ ಕೂಡ್ರಲೇಬೇಕು ಎಂದು ಕೂಡ್ರಿಸಿದೆ.

"ನಿಮ್ಮ ಬಗ್ಗೆ ಹೇಳ್ರಿ," ಅಂದೆ.

ನನ್ನ ಬಾಯಲ್ಲಿ 'ರಿ' ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡ ಯವ್ವಾ. ಈಗ ನಾ ನಿನ್ನ ಮಗಳಲ್ಲ."

ನಗು ನಿಂತಿತು. ಆದರೆ ಮಾತು ಶುರುವಾಗಲಿಲ್ಲ. ಅವಳು ತೊಡೆಯ ಮೇಲೆ ಕೈ ಜೋಡಿಸಿಕೊಂಡು ನೆಲ ನೋಡುತ್ತ ಕುಳಿತಳು. ಅಭ್ಯರ್ಥಿ ಸುಮ್ಮನಾದರೆ ಮುಂದಿನ ಪ್ರಶ್ನೆಗೆ ಹೋಗಿ, ಹೊತ್ತು ಕಳೆಯಬೇಡಿ ಎಂದು ಮಾಳಿಗೆಯ ಮೇಲಿನ ಸರ್ ಹೇಳಿದ್ದರು. ಎದುರಿನವರು ಸುಮ್ಮನಾದಾಗ ನೀವೂ ಸುಮ್ಮನಿರಿ, ಮುಖ್ಯವಾದದ್ದು ಅದರ ಹಿಂದೆ ಇರುತ್ತದೆ ಎಂದು ಕೆಳಗಿನ ಮೇಡಂ ಹೇಳಿದ್ದರು. ನಾನು ಮೇಡಂ ಮಾತು ಕೇಳಿದೆ. ಹೊರಗೆ ಟ್ರ್ಯಾಕ್ಟರೊಂದು ಓಣಿ ದಾಟಿ ಹೋಗಿ ಅದರ ಸದ್ದೂ ಅಡಗಿತು.

"ನಾ ಪಿಯುಸಿ ಅರ್ಧ ಕಲ್ತೀನ್ರಿ," ಅವ್ವ ಶುರು ಮಾಡಿದಳು. "ಆಮ್ಯಾಲ ಮದುವಿ ಆತು. ಶಿರೂರಾಗ ಸಾಲಿಗೆ ಹೋಗೋ ಮುಂದ ಖೋಖೋ ಟೀಮಿಗೆ ನಾನ ಲೀಡರ್ ಇದ್ದೆ. ಬ್ಯಾರೆ ಊರಿಗೆ ಆಡಾಕ ಹೋದ್ರ ಸಾಲಿ ಕಲಸೋ ಬಾಯೇರು ಎಲ್ಲಾ ಹುಡಿಗ್ಯಾರನ್ನ ನನ್ನ ಮ್ಯಾಲ ಬಿಡತಿದ್ರು. ಯಾರು ಊಟ ಮಾಡಿಲ್ಲ, ಯಾರು ಯಾರ ಜೋಡಿ ಮಾತು ಬಿಟ್ಟಾರ, ಮಾರಿ ನೋಡಿದ ಕೂಡಲೆ ತಿಳೀತಿತ್ತ್ರಿ ನನಗ. ಸೋತು ಬಂದ ದಿನ ಬಸ್ಸಿನ್ಯಾಗ ಹಾಡು ಹಚ್ಚಿ ಎಲ್ಲಾರನ್ನೂ ನಗಸ್ತಿದ್ದೆ."

ನನ್ನ ಅವ್ವ ಖೋಖೋ ಆಡಿದ್ದು ನನಗೆ ಗೊತ್ತೇ ಇರಲಿಲ್ಲ. ಬಸ್ಸಿನಲ್ಲಿ ಹಾಡಿದ್ದಂತೂ ಊಹೆಗೂ ಬಂದಿರಲಿಲ್ಲ. ಅದನ್ನೂ ಬರೆದುಕೊಂಡೆ. ಆಮೇಲೆ ಕೊನೆಯ ಪ್ರಶ್ನೆ ಕೇಳಿದೆ.

"ಈ ಕೆಲಸ ನಿಮಗ ಯಾಕ ಬೇಕ್ರಿ?"

ಈ ಸಲ ಅವಳು ತಡ ಮಾಡಲಿಲ್ಲ.

"ದಿನಾ ಮುಂಜಾನೆ ಛಂದಂಗ ಸೀರಿ ಉಟಗೊಂಡು ಒಂದ ಕಡೆ ಹೋಗಬೇಕ ಅನಸ್ತೈತ್ರಿ. ಇಕಿ ಯಾಕ ಇನ್ನಾ ಬಂದಿಲ್ಲ ಅಂತ ಅಲ್ಲೆ ನಾಕು ಮಂದಿ ನನ್ನ ದಾರಿ ನೋಡಬೇಕು."

ಒಳಗೆ ತಲೆ ಬಾಚಿಕೊಳ್ಳುತ್ತಿದ್ದ ಅಪ್ಪ ಬಾಚಣಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವ್ವ ಅವನನ್ನು ನೋಡಲಿಲ್ಲ. ಎದ್ದು ನಿಂತು "ಕೆಲಸ ಸಿಕ್ತೋ ಇಲ್ಲೋ?" ಎಂದು ನನ್ನನ್ನು ಕೇಳಿದಳು. "ಫೋನ್ ಮಾಡಿ ತಿಳಸ್ತೀವ್ರಿ," ಅಂದೆ. ಸೆರಗಿನ ತುದಿಯಿಂದ ನನ್ನ ತಲೆಗೆ ಒಂದು ಕೊಟ್ಟು ಅಡುಗೆಮನೆಗೆ ಹೋದಳು.

ರಜೆ ಮುಗಿದ ಮೇಲೆ ಎಚ್‌ಆರ್ ಸರ್ ನನ್ನ ವರದಿಗೆ ಒಳ್ಳೆಯ ಅಂಕ ಕೊಟ್ಟರು. ನಾನು ಅದನ್ನು ಹಿಡಿದುಕೊಂಡು ಮನಃಶಾಸ್ತ್ರದ ಮೇಡಂ ಹತ್ತಿರವೂ ಹೋದೆ. ಅವರು ನಿಂತಲ್ಲೇ ಓದಿ, ಕೊನೆಯ ಉತ್ತರದ ಮೇಲೆ ಬೆರಳಿಟ್ಟು ಕೇಳಿದರು: "ಇದನ್ನ ಕೇಳಿ ನೀ ಏನ ಮಾಡ್ದಿ?"

"ಬರಕೊಂಡ್ನಿ ಮೇಡಂ."

"ಆಮ್ಯಾಲ?"

ಆ ಸಂಜೆ ಅವ್ವನಿಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಅವಳೇ ಶುರು ಮಾಡಿದಳು. ಅಪ್ಪ ಊಟಕ್ಕೆ ಕುಳಿತವನು ತಾಟು ನೋಡುತ್ತಲೇ ಒಂದು ಮಾತು ಹೇಳಿದನಂತೆ: "ಇಲಕಲ್ಲದಾಗ ಒಂದು ಸೀರಿ ಅಂಗಡಿ ಮುಂದ ಬೋರ್ಡ್ ಹಾಕ್ಯಾರ, ಹೆಣ್ಮಕ್ಕಳು ಕೆಲಸಕ್ಕ ಬೇಕಂತ. ಸುಮ್ನ ಹೇಳ್ದೆ." ಹೇಳಿದವನೇ ಮೊಬೈಲ್ ತೆಗೆದು ನೋಡುತ್ತ ಕುಳಿತನಂತೆ. ಆಯಿ ಏನನ್ನುತ್ತಾಳೋ ಎಂದು ಅವ್ವ ಅಂಜಿಕೊಂಡಿದ್ದಳು. ಆಯಿ ಅಂದದ್ದು ಇಷ್ಟೇ: "ಮಧ್ಯಾಹ್ನದ ಅಡಿಗಿ ನಾ ಮಾಡ್ತೇನಿ. ನನ್ನ ಸಾರಿಗೆ ಮಾತ್ರ ಯಾರೂ ಹೆಸರಿಡಬಾರದು."

ಅಂದಿನಿಂದ ಸಂಜೆಯಾದರೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತು ಫೋನಿನಲ್ಲೇ ಅವ್ವನಿಗೆ ಸಂದರ್ಶನದ ತಾಲೀಮು. ಚೊಳಚಗುಡ್ಡದ ಗೆಳತಿಯದು ಅಂಗಡಿಯ ಒಡತಿ ಸಾವುಕಾರ್ತಿಯ ಪಾತ್ರ. ದನಿ ದಪ್ಪ ಮಾಡಿಕೊಂಡು ಕೇಳುತ್ತಿದ್ದಳು:

"ಗಿರಾಕಿ ಬಂದು ರಾಶಿ ಸೀರಿ ಬಿಚ್ಚಿಸಿ ಒಂದೂ ತಗೊಳ್ಳಲಾರದ ಎದ್ದು ಹೋದ್ರ ಏನ ಮಾಡ್ತೀರಿ?"

"ಮಡಚಿ ಇಡ್ತೇನ್ರಿ," ಅಂದಳು ಅವ್ವ.

ಗೆಳತಿ ಬಾಯಿಗೆ ಓಢಣಿ ಒತ್ತಿಕೊಂಡು ನಕ್ಕಳು. ಇದಕ್ಕಿಂತ ಒಳ್ಳೆಯ ಉತ್ತರ ನಮ್ಮ ಪುಸ್ತಕದಲ್ಲಿ ಇಲ್ಲವೆಂದು ಇಬ್ಬರೂ ಒಪ್ಪಿಕೊಂಡೆವು.

ಸಂದರ್ಶನದ ದಿನ ನಾನು ಬಾಗಲಕೋಟೆಯಿಂದ ಮೊದಲ ಬಸ್ಸಿಗೇ ಹೊರಟು ಇಲಕಲ್ ಬಸ್ ನಿಲ್ದಾಣದಲ್ಲಿ ಕಾದೆ. ಅವ್ವ ಬಂದದ್ದು ಅಪ್ಪ ಡ್ಯೂಟಿ ಮೇಲಿದ್ದ ಬಸ್ಸಿನಲ್ಲೇ. ಇಳಿಯುವಾಗಲೇ ಅವಳ ಮುಖದಲ್ಲಿ ನಗೆ.

"ಹೆಣ್ಮಕ್ಕಳಿಗೆ ಬಸ್ ಫ್ರೀ ಅಲ್ಲೇನ? ಎಲ್ಲಾರ ಮುಂದ ನಿಮ್ಮಪ್ಪ ನನ್ನ ಹತ್ರ ಬಂದು, ಆಧಾರ್ ಕಾರ್ಡ್ ತೋರಸ್ರಿ ಅಂದ."

"ನೀ ಏನಂದಿ?"

"ತೋರಸಿದ್ನಿ. ಫೋಟೋ ನೋಡಿ, ಮಾರಿ ನೋಡಿ, ಹೂಂ ಅಂದು ಟಿಕೀಟ್ ಕೊಟ್ಟ."

ಅವ್ವ ಹಸಿರು ಇಲಕಲ್ ಸೀರೆ ಉಟ್ಟಿದ್ದಳು. ಅಂಗಡಿಯ ತನಕ ನಡೆದು ಹೋದೆವು. ನಾನೂ ಒಳಗೆ ಹೆಜ್ಜೆ ಇಡುವವಳಿದ್ದೆ. "ನೀ ಇಲ್ಲೇ ಕುಂದ್ರು. ನಾ ಹೋಗ್ತೇನಿ," ಎಂದು ಒಬ್ಬಳೇ ಚಪ್ಪಲಿ ಬಿಟ್ಟು ಒಳಗೆ ಹೋದಳು. ನಾನು ಎದುರಿನ ಚಹಾದಂಗಡಿಯಲ್ಲಿ ಕುಳಿತು ಚಹಾ ಹೇಳಿದೆ. ಆತಂಕದ ಲಕ್ಷಣಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅಂದು ಒಂದೂ ಬಿಡದೆ ಎಲ್ಲವೂ ನನ್ನಲ್ಲೇ ಕಾಣಿಸಿದವು. ಎರಡನೆಯ ಚಹಾ ಆರಿ ತಣ್ಣಗಾದರೂ ಅವ್ವ ಹೊರಗೆ ಬರಲಿಲ್ಲ.

ಬಂದಾಗ ಅವಸರವಿಲ್ಲದೆ ಬಂದು, ನನ್ನ ಪಕ್ಕ ಕುಳಿತು, ಮೊದಲು ನೀರು ಕುಡಿದಳು.

"ಏನ ಕೇಳಿದ್ರು?"

"ಸಾವುಕಾರ್ರ ಹೆಂಡ್ತಿ ಇದ್ರು. ಇಷ್ಟು ವರ್ಷ ಏನ ಮಾಡಿದ್ರಿ ಅಂದ್ರು. ಮನಿ ನಡಿಸೀನ್ರಿ ಅಂದೆ. ಅವರೂ ಸುಮ್ನಾದ್ರು, ನಾನೂ ಸುಮ್ನಾದೆ. ನೀ ಹೇಳಿದ್ದಿ ಅಲ್ಲಾ, ಸುಮ್ನ ಕುಂತರ ಅಂಜಬಾರದಂತ. ಸ್ವಲ್ಪ ಹೊತ್ತಿಗೆ ಅವರ ಮಾತಾಡಾಕ ಹತ್ತಿದ್ರು. ಸೊಸಿ ಹಡಿಯಾಕ ತವರಿಗೆ ಹೋಗ್ಯಾಳ, ಒಬ್ಬಾಕಿಗೇ ಎಲ್ಲಾ ನೋಡಕೊಳ್ಳಾಕ ಆಗವಲ್ದು ಅಂತ. ನಾ ಕೇಳಕೊಂತ ಕುಂತೆ."

ಅಷ್ಟರಲ್ಲಿ ಗಿರಾಕಿಗಳು ಬಂದಿದ್ದರು. ಮಗಳ ನಿಶ್ಚಿತಾರ್ಥಕ್ಕೆ ಸೀರೆ ಕೊಳ್ಳಲು ಒಬ್ಬ ತಾಯಿ, ಜೊತೆಗೆ ಸೋದರತ್ತೆ, ದೊಡ್ಡಮ್ಮ. ಹಾಂಗಾದ್ರ ಇವರಿಗೆ ಒಂದೆರಡು ತೋರಸ್ರಿ ನೋಡೂಣು ಎಂದು ಸಾವುಕಾರ್ತಿ ಅವ್ವನಿಗೆ ಹೇಳಿದರಂತೆ. ಮೂರೂ ಹೆಂಗಸರು ಕೆಂಪೋ ಹಸಿರೋ ಎಂದು ವಾದಕ್ಕೆ ಬಿದ್ದಿದ್ದರು. ಮದುಮಗಳಾಗುವ ಹುಡುಗಿ ಕಂಬಕ್ಕೆ ಒರಗಿ ನಿಂತಿದ್ದಳು. ಅವ್ವ ಅವಳ ಹತ್ತಿರ ಹೋಗಿ, "ನಿನಗ ಯಾವದು ಇಷ್ಟ ತಂಗಿ?" ಎಂದು ಕೇಳಿದಳು. ಹುಡುಗಿ ಮೆಲ್ಲಗೆ ನೇರಳೆ ಬಣ್ಣದ್ದನ್ನು ತೋರಿಸಿದಳು. ಅವ್ವ ಅದನ್ನು ಹುಡುಗಿಯ ಹೆಗಲಿಗೆ ಹಾಕಿ ಕನ್ನಡಿಯ ಮುಂದೆ ನಿಲ್ಲಿಸಿದಳು. ಕನ್ನಡಿಯಲ್ಲಿ ಅವಳ ಮುಖ ಅರಳಿದ್ದು ನೋಡಿ ಹಿರಿಯರ ವಾದ ತಾನಾಗಿ ನಿಂತಿತಂತೆ.

"ಕೆಲಸ?" ಅಂದೆ.

"ಸೋಮವಾರದಿಂದ ಬರ್ರಿ ಅಂದಾರ."

ನಾನು ಅವಳ ಕೈ ಹಿಡಿದುಕೊಂಡೆ. ಆಮೇಲೆ ಅವಳು ಹಸಿವಾಗಿದೆ ಎಂದಳು. ಗಿರ್ಮಿಟ್ಟು, ಮಿರ್ಚಿ ಭಜಿ ತರಿಸಿಕೊಂಡು ತಿಂದು ಮತ್ತೊಂದು ತಾಟು ತರಿಸಿದೆವು.

ಮೊದಲ ವಾರ ಅವಳ ಕಾಲು ಬಾತುಕೊಂಡವು. ನಿಂತೇ ಇರಬೇಕಾಗುತ್ತದೆ ಎಂದಾಗ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂಡ್ರಲು ಸ್ಟೂಲು ಕೇಳುವುದು ತಪ್ಪಲ್ಲ ಎಂದು ನನ್ನ ಎಚ್‌ಆರ್ ಪಾಠ ಹೇಳಿದೆ. ಅವಳು ತನಗೊಬ್ಬಳಿಗೇ ಕೇಳಲಿಲ್ಲ, ಎಲ್ಲ ಹೆಣ್ಣುಮಕ್ಕಳಿಗೂ ಸೇರಿಸಿ ಕೇಳಿದಳು. ಸಾವುಕಾರ್ತಿ ಒಪ್ಪಿ ಅದೇ ವಾರ ತರಿಸಿದರು. ಈಗ ನಾನು ಅದೇ ಕಾಲೇಜಿನಲ್ಲಿ ಎಂ.ಎ. ಓದುತ್ತಿದ್ದೇನೆ. ಅವ್ವನ ಫೋನ್ ಬಂದರೆ ಊಟ ಆಯಿತೇ ಎಂಬ ಪ್ರಶ್ನೆ ಎರಡನೆಯದು. ಮೊದಲನೆಯದು, ಹೊಸದಾಗಿ ಸೇರಿದ ಹುಡುಗಿ ಗಿರಾಕಿ ಬೈದರೆ ಅಳುತ್ತಾಳೆ, ಇದಕ್ಕೆ ನಿಮ್ಮ ಪುಸ್ತಕದಲ್ಲಿ ಏನಿದೆ ಎಂಬಂಥದ್ದು. ಗೊತ್ತಿದ್ದರೆ ಹೇಳುತ್ತೇನೆ. ಗೊತ್ತಿಲ್ಲದಿದ್ದರೆ ಮರುದಿನ ಮೇಡಂ ಅವರನ್ನು ಕೇಳಿಕೊಂಡು ಬಂದು ಹೇಳುತ್ತೇನೆ.

ಹೋದ ಚಳಿಗಾಲದಲ್ಲಿ ಅಂಗಡಿಯ ಹೆಣ್ಣುಮಕ್ಕಳೆಲ್ಲ ಸೇರಿ ರಜೆಯ ದಿನ ವ್ಯಾನು ಮಾಡಿಕೊಂಡು ಬದಾಮಿಗೆ ಬಂದಿದ್ದರು. ಮನೆಯವರಿಲ್ಲದೆ ಅವ್ವ ಹೊರಟ ಮೊದಲ ಪ್ರವಾಸ ಅದು. ಬಾಗಲಕೋಟೆಯಿಂದ ನಾನೂ ಹೋಗಿ ಸೇರಿಕೊಂಡೆ. ಅಲ್ಲೇ ಸಮೀಪದ ಬನಶಂಕರಿ ಗುಡಿಯ ಹೊಂಡದ ಹತ್ತಿರ ಬುಟ್ಟಿ ಹೊತ್ತು ಬರುವ ಹೆಂಗಸರಿಂದ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಕೊಂಡು ನೆರಳಿನಲ್ಲಿ ಕುಳಿತು ಉಂಡೆವು. ಅವ್ವ ನನ್ನನ್ನು ಎಲ್ಲರಿಗೂ ಪರಿಚಯಿಸಿದಳು: "ನನ್ನ ಮಗಳು. ಮನಃಶಾಸ್ತ್ರ, ಮಾನವ ಸಂಪನ್ಮೂಲ ನಿರ್ವಹಣೆ, ಎರಡೂ ಓದ್ಯಾಳ." ಎಲ್ಲಿಯೂ ತಡವರಿಸಲಿಲ್ಲ.

ಸಂಜೆ ಬದಾಮಿಯ ಕೆರೆಯ ಮೆಟ್ಟಿಲ ಮೇಲೆ ಕೂಡುವಷ್ಟರಲ್ಲಿ ಗುಡ್ಡದ ಕೆಂಪು ನೀರಿಗೂ ಇಳಿದಿತ್ತು. ಅಂಗಡಿಯ ಹುಡುಗಿಯೊಬ್ಬಳ ಕೈಯಿಂದ ಮಂಗ ಚುರಮುರಿ ಪೊಟ್ಟಣ ಕಸಿದುಕೊಂಡು ಓಡಿತು. ಅದಕ್ಕೇ ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಾಗಲಕೋಟೆಯ ಕೊನೆಯ ಬಸ್ಸು ತಪ್ಪೀತೆಂದು ನಾನು ಎದ್ದೆ. ನನ್ನನ್ನು ಬಸ್ಸಿಗೆ ಹತ್ತಿಸಲು ಅವ್ವನೂ ಏಳುತ್ತಾಳೆ ಅಂದುಕೊಂಡಿದ್ದೆ.

"ನೀ ನಡಿ, ಹೊತ್ತಾತು," ಅಂದಳು. "ನಾವು ಇನ್ನಾ ಕುಂದ್ರತೇವಿ."