ನಮ್ಮವರು ಡಿಸ್ಕನ್ನು ಕೇಳುವ ಕ್ರಮ

ನಮ್ಮವರ ಹೆಸರು ಭೋಜರಾಜ. ಹುಟ್ಟಿದ್ದು ಯಡ್ತರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬೈಗೆ ಹೋದರು, ಹೋಟೆಲಿನಲ್ಲಿ ಲೋಟ ತೊಳೆದರು. ಪಕ್ಕದ ಕಂಪ್ಯೂಟರ್ ರಿಪೇರಿ ಅಂಗಡಿಗೆ ಚಾ ಕೊಡಲು ಹೋಗಿ ಅಲ್ಲೇ ನಿಂತುಬಿಟ್ಟರು. ಮದುವೆಯಾದ ಮೇಲೆ ಬೈಂದೂರಿನಲ್ಲಿ ಸ್ವಂತ ಅಂಗಡಿ. ಹದಿನಾಲ್ಕು ವರ್ಷ ನಾನೂ ಅಲ್ಲೇ ಕೂತಿದ್ದೆ. ನನ್ನದು ಐದನೇ ಕ್ಲಾಸು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತೇನೆ, ಅಷ್ಟೇ.

ಡಿಸ್ಕ್ ಕೆಟ್ಟು ಬಂದರೆ ಅವರು ಮೊದಲೇ ರಿಪೇರಿಗೆ ಕೈ ಹಾಕುತ್ತಿರಲಿಲ್ಲ. ಬರೀ ಕೇಳುತ್ತಿದ್ದರು. ನನಗೆ ಹೇಳಿಕೊಟ್ಟದ್ದು ಹೀಗೆ:

"ಮೀನ್ ಪೆಟ್ಟಿಗಿ ಮೇಲೆ ಚೀಟಿ ಇರತ್ತಲೆ, ಯಾವ್ ಮೀನ್, ಎಷ್ಟ್, ಎಲ್ಲಿ ಇಟ್ಟದ್ದ್ ಅಂದೇಳಿ? ಡಿಸ್ಕಿನೊಳ್ಗೂ ಹಾಂಗೇ. ಚೀಟಿ ತಪ್ಪಿರೆ ಮೀನ್ ಇದ್ರೂ ಸಿಕ್ಕುದಿಲ್ಲ. ನಾವ್ ಪೆಟ್ಟಿಗಿ ಒಡುಕಾಗ. ಕಂಪ್ಯೂಟರ್ ನಡ್ಸು ಯಜಮಾನ ಒಳ್ಗೇ ಇದ್ದ. ಅವ್ನನ್ನೇ ಕರ್ದ್, ಚೀಟಿ ಸಮ ಇತ್ತಾ ಕಾಣ್ ಅಂದ್ ಕೇಣ್ಕ್."

ಕೇಳುವುದೆಂದರೆ ಒಂದು ಸಾಲು ಟೈಪು ಮಾಡುವುದು. ಅದರಲ್ಲಿ ಒಂದು ಎನ್ ಅಕ್ಷರ. ಎನ್ ಇದ್ದರೆ ನೋಡುತ್ತದೆ, ಮುಟ್ಟುವುದಿಲ್ಲ. ಎನ್ ಅಳಿಸಿದರೆ ರಿಪೇರಿಯನ್ನೂ ಮಾಡುತ್ತದೆ. ಶುರುವಿನಲ್ಲಿ ಒಮ್ಮೆ ಕೇಳದೆ ರಿಪೇರಿ ಕೊಟ್ಟು ಒಬ್ಬರ ಮದುವೆ ವಿಡಿಯೋ ಕಳೆದಿದ್ದರು. ಹುಡುಗಿಯ ಮನೆಗೆ ತಾವೇ ಹೋಗಿ ಹೇಳಿ ಬಂದರು. ಎರಡು ದಿನ ಅನ್ನ ಮುಟ್ಟಲಿಲ್ಲ.

ಜೂನ್ ಕೊನೆಗೆ ಹೋದರು. ಎದೆ ನೋವು.

ಆ ಹೊತ್ತಿಗೆ ಸುಬ್ಬಣ್ಣನ ಕೆಲಸ ನಡೆಯುತ್ತಿತ್ತು. ಸುಬ್ಬಣ್ಣ ಗಂಗೊಳ್ಳಿಯಲ್ಲಿ ಬೋಟು ನಡೆಸುವವ. ನೀರಿನಡಿ ಬಲೆ ಹರಿಯುವ ಕಲ್ಲುಗಳು ಎಲ್ಲೆಲ್ಲಿವೆ ಅಂತ ಅವನ ಜಿಪಿಎಸ್‌ನಲ್ಲಿ ಗುರುತು ಇತ್ತು, ಅರವತ್ತನಾಲ್ಕು. ಹಳೆಯದಾದ ಆ ಯಂತ್ರ ಪೂರಾ ಸಾಯುವ ಮೊದಲು ನಮ್ಮವರು ಗುರುತುಗಳನ್ನು ಡಿಸ್ಕಿಗೆ ಇಳಿಸುತ್ತಿದ್ದರು. ಸಾವಾದರೆ ಅಂಗಡಿ ಮುಚ್ಚಬೇಕು, ಉತ್ತರಕ್ರಿಯೆಯ ಬೊಜ್ಜ ಮುಗಿಯುವವರೆಗೆ ತೆಗೆಯುವಂತಿಲ್ಲ. ಆಸ್ಪತ್ರೆಯಿಂದ ಬಂದವಳೇ ನಾನು ಮೈನ್ ಸ್ವಿಚ್ ಕೆಳಗೆ ಹಾಕಿ ಶಟರ್ ಎಳೆದೆ. ಸ್ವಿಚ್ ಹಾಕುವಾಗ ಡಿಸ್ಕಿಗೆ ಗುರುತು ಇನ್ನೂ ಇಳಿಯುತ್ತಲೇ ಇತ್ತು.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವ ಹೊತ್ತಿಗೆ, ಜುಲೈ ಕೊನೆಗೆ, ಸುಬ್ಬಣ್ಣ ಬಂದ.

"ಹ್ವಾಯ್ ಸರೋಜಕ್ಕ, ನಾಲ್ಕ್ ದಿನ ಕಳ್ದ್ರೆ ಕಡ್ಲಿಗೆ ಹೋಯ್ಕ್. ಯಂತ್ರ ಪೂರಾ ಸತ್ತ್ ಹೋಯ್ತ್. ನನ್ ಕಲ್ಲ್ ಎಲ್ಲ ನಿಮ್ ಡಿಸ್ಕಿನೊಳ್ಗೇ ಇಪ್ಪುದ್."

"ನಡೂ ಮಧ್ಯ ಮೈನ್ ತೆಗ್ದದ್ದ್ ನಾನೇ ಸುಬ್ಬಣ್ಣ."

"ಎಂತಕ್ಕೆ?"

"ಅವ್ರ್ ಹೋದ್ರಲೆ."

ಅವನು ತಲೆ ಕೆರೆದುಕೊಂಡ. "ಅವ್ರ್ ಇದ್ದಿದ್ರೆ ನಿಮ್ಗೆ ಬೈತಿದ್ರ್."

"ಬೈಲಿ ಅಂದೇ ಕೂತಿದ್ದೆ."

ಡಿಸ್ಕ್ ಹಾಕಿದೆ. ಮೇಲಕ್ಕೆ ತೋರಿಸುವ ಬಾಣದ ಕೀಲಿ ಒತ್ತಿದರೆ ಅವರು ಹಿಂದೆ ಹೊಡೆದ ಸಾಲುಗಳು ಒಂದೊಂದೇ ಬರುತ್ತವೆ. ಅವರ ಕೈ ಹೊಡೆದದ್ದು. ಎನ್ ಇರುವ ಸಾಲು ಬಂದಾಗ ನಿಲ್ಲಿಸಿ, ಅದನ್ನೇ ಕೊಟ್ಟೆ.

"ರಿಪೇರಿ ಕೊಟ್ ಬಿಡಿ ಮಾರ್ರೆ. ನಾ ಬಂದದ್ದ್ ಜ್ಯೋತಿಷ್ಯ ಕೇಂಬುಕಾ?"

"ಸುಮ್ನೆ ಕೂಕಣಿ."

ಅವನು ಕೂರಲಿಲ್ಲ. ನನಗೂ ಕೂರಲಾಗಲಿಲ್ಲ. ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದೆ. ಬಾಗಿಲಿಗೆ ಹೋದೆ, ಬಂದೆ. ಸ್ಕ್ರೂ ಡಬ್ಬಿ ಚೆಲ್ಲಿ ಮತ್ತೆ ತುಂಬಿಸಿದೆ. ಪರದೆಯಲ್ಲಿ ಮೊದಲು ಏನೂ ಬರಲಿಲ್ಲ. ಆಮೇಲೆ ಸಾಲಿನ ಮೇಲೆ ಸಾಲು. ಹಾಳಾಗಿದೆ ಅನ್ನುವ ಇಂಗ್ಲಿಷ್ ಶಬ್ದ ನನಗೆ ಗುರುತಿದೆ. ಹತ್ತೊಂಬತ್ತು ಸಲ ಬಂತು.

"ಈಗಾರೂ ಸರಿ ಮಾಡಿ."

"ನಕಲ್ ಆಯ್ಲಿ. ನಕಲಿನ ಮೇಲೆ ಮಾಡುದ್. ಅಸ್ಲ್ ಮುಟ್ಟುದಿಲ್ಲ."

ನಕಲಿಗೆ ಮೂರು ಗಂಟೆ ಹಿಡಿಯಿತು. ಅವನು ಎರಡು ಸಲ ಹೊರಗೆ ಹೋಗಿ ಬೀಡಿ ಎಳೆದು ಬಂದ. ನಕಲಿನ ಮೇಲೆ ಎನ್ ಅಳಿಸಿ ಕೊಟ್ಟೆ. ಫೈಲುಗಳು ಒಂದು ಕಡೆ ರಾಶಿ ಬಿದ್ದವು. ಚೀಟಿ ಹೋಗಿತ್ತು. ಒಂದಕ್ಕೂ ಹೆಸರಿಲ್ಲ, ಬರೀ ನಂಬರು.

ಒಂದು ತೆರೆದೆ. ಒಳಗೆ ಕಡಲಿನ ಜಾಗದ ಅಂಕೆ ಸಮ ಇತ್ತು. ಸುಬ್ಬಣ್ಣ ಬಗ್ಗಿ ನೋಡಿದ.

"ಇದ್ ಆನೆಬೆನ್ನ್. ನನ್ನಪ್ಪನ ಬಲೆ ಹರ್ದ ಕಲ್ಲ್. ಬರೀನಿ."

ಬರೆದೆ. ಮುಂದಿನದು ತೆರೆದೆ. ಅಂಕೆ ನೋಡಿ ಅವನು ಹೆಸರು ಹೇಳುತ್ತಾ ಹೋದ. ಹಲ್ಲಿಕಲ್ಲು, ಮುದುಕಿ, ಎರಡು ಬಾಯಿ. ಕೆಲವಕ್ಕೆ ಕಣ್ಣು ಮುಚ್ಚಿ ಯೋಚಿಸಿದ. ಒಂದಕ್ಕೆ ಹೇಳಿದ ಹೆಸರು ಕೇಳಿ ನಾನು "ಥೂ, ಇದ್ನ ಬರೂಕಾತಿಲ್ಲ" ಅಂದೆ. "ಕಲ್ಲಿಗೆ ನಾಚ್ಕೆ ಇಲ್ಲ ಅಕ್ಕ, ಹಾಕಿ" ಅಂದ. ಅವರು ಹೋದ ಮೇಲೆ ಮೊದಲ ಸಲ ನಕ್ಕೆ. ನಕ್ಕದ್ದಕ್ಕೆ ಸಿಟ್ಟೂ ಬಂತು.

ಅರವತ್ತೊಂದು ಸಿಕ್ಕಿತು. ಮೂರು ಇಲ್ಲ. ಅಸಲನ್ನು ಮತ್ತೆ ಕೇಳಿದೆ. ಇಲ್ಲ.

"ನನ್ ಕೈಯಿಂದ ಹೋದ್ದ್" ಅಂದೆ.

"ಕಲ್ಲ್ ಎಲ್ಲಿಗೂ ಹೋಪುದಿಲ್ಲ. ಬಲೆ ಹರ್ದ್ರೆ ಗೊತ್ತಾತ್ತ್" ಅಂದ. ಮುಖ ಮಾತ್ರ ಸಣ್ಣಗಾಗಿತ್ತು.

ಹೊಸ ಜಿಪಿಎಸ್‌ಗೆ ಅರವತ್ತೊಂದನ್ನೂ ಹಾಕಿಸಿಕೊಂಡು ಕಡಲಿಗೆ ಹೋದ. ಆರು ದಿನ ನಾನು ಶಟರ್ ಎತ್ತುವುದು, ಫೋನು ನೋಡುವುದು, ರಸ್ತೆಗೆ ಹೋಗಿ ನಿಲ್ಲುವುದು. ಏಳನೇ ದಿನ, ಬೋಟು ಕಟ್ಟುವ ದಕ್ಕೆಯಿಂದ ಫೋನು ಮಾಡಿದ.

"ಒಂದ್ ಬಲೆ ಹೋಯ್ತ್. ಒಂದ್ ಕಲ್ಲ್ ಸಿಕ್ತ್. ಬರ್ಕಣಿ."

ಅಂಕೆ ಹೇಳಿದ, ಬರೆದುಕೊಂಡೆ, ತಿರುಗಿ ಓದಿ ಹೇಳಿದೆ. ಇನ್ನೆರಡು ಎಲ್ಲಿವೆಯೋ ಗೊತ್ತಿಲ್ಲ. ಅವನು ನಾಳೆ ಮತ್ತೆ ಹೋಗುತ್ತಾನೆ.