ಬಟನ್ ಒತ್ತುವ ಮೊದಲೇ ಹಾರಿದ ಚೆಂಡು

ಆ ವಿಡಿಯೋ ಹಾಕಿದವನು ನಾನು. ಬಸವರಾಜನಲ್ಲ. ಅವನಿಗೆ ಅದರ ಸುಳಿವೂ ಇರಲಿಲ್ಲ. ಅಂದು ವಿಜಯನಗರದ ಸಮುದಾಯ ಭವನದಲ್ಲಿ ಸೇರಿದ್ದ ಜನ — ನನ್ನ ಅಪ್ಪ ಅಮ್ಮ, ನಮ್ಮ ಬೀದಿಯವರು, ಸೈಬರ್ ಸೆಂಟರ್ ಇಟ್ಟಿದ್ದವರು, ಬಸುವಿನ ಅವ್ವ — ಎಲ್ಲರೂ ಇಷ್ಟು ವರ್ಷ ನಂಬಿಕೊಂಡು ಬಂದದ್ದು ನಾನು ಮೈಕಿನಲ್ಲಿ ಹೇಳಿದ ಸುಳ್ಳನ್ನು. ಇದನ್ನು ಹೇಳುವುದಕ್ಕೆ ಹದಿನೈದು ವರ್ಷಕ್ಕೂ ಹೆಚ್ಚು ಬೇಕಾಯಿತು ಎಂದು ಬರೆಯುವಾಗ — ಥೂ, ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ.

ಬಸವರಾಜ, ಎಂದರೆ ನಮ್ಮ ಬಸು, ಗದಗದ ಕಡೆಯವನು. ಎರಡು ಸಾವಿರದ ನಾಲ್ಕೋ ಐದೋ ಇಸವಿಯಲ್ಲಿ ಮಾರೇನಹಳ್ಳಿಯ ನಮ್ಮ ಮನೆಯ ಮೇಲಿನ ರೂಮಿಗೆ ಬಾಡಿಗೆಗೆ ಬಂದ. ಹಗಲು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದ. ಸಂಜೆ ಬಂದು ತನ್ನ ಹಳೇ ಕಂಪ್ಯೂಟರಿನ ಮುಂದೆ ಕೂತನೆಂದರೆ ಮುಗಿಯಿತು, ಊಟಕ್ಕೆ ಎಬ್ಬಿಸಲು ಅಮ್ಮ ನನ್ನನ್ನು ಅಟ್ಟಬೇಕಿತ್ತು. ಅವನು ಕಂಪ್ಯೂಟರಿನಲ್ಲಿ ಆಡುವ ಲಗೋರಿ ಮಾಡುತ್ತಿದ್ದ. ಏಳು ಕಲ್ಲು, ಒಂದು ಚೆಂಡು, ಓಡುವ ಹುಡುಗ ಹುಡುಗಿಯರು. ಚೆಂಡು ತಗುಲಿದರೆ ಕಲ್ಲುಗಳು ಒಂದು ಸಲ ಬಿದ್ದ ಹಾಗೆ ಇನ್ನೊಂದು ಸಲ ಬೀಳುತ್ತಿರಲಿಲ್ಲ. ಅದೇ ಅವನ ಹೆಮ್ಮೆ. "ನೋಡಲೇ ಗಿರೀಶಾ, ಈ ಸಲ ಬ್ಯಾರೇ ಕಡೆ ಉಳ್ಳಿತು!" ಎಂದು ಮಗುವಿನ ಹಾಗೆ ಕೂಗುತ್ತಿದ್ದ.

ನಾನಾಗ ಡಿಗ್ರಿ ಮುಗಿಸಿ ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ನೊಣ ಹೊಡೆಯುತ್ತಿದ್ದೆ. ಕೈಕೆಲಸ ಬರದಿದ್ದರೂ ಬಾಯಿಗೇನೂ ಬರವಿರಲಿಲ್ಲ. ಆಟವನ್ನು ಜನರ ಮುಂದೆ ಇಡುವ ಕೆಲಸ ನನ್ನದು ಎಂದೆ. ಅವನು ನಂಬಿದ. ನನ್ನ ಮಾತು ಕೇಳಿಯೇ ಕ್ಲಾಸಿನ ಕೆಲಸವನ್ನೂ ಬಿಟ್ಟ.

ಆಟದ ಸಿಡಿಗಳನ್ನು ಅಂಗಡಿಗಳಿಗೆ ಹಾಕುತ್ತಿದ್ದ ರಾಜಾಜಿನಗರದ ವ್ಯಾಪಾರಿಯೊಬ್ಬರು, "ಒಂದು ಫಂಕ್ಷನ್ ಮಾಡಿ, ಜನ ಏನಂತಾರೆ ನೋಡೋಣ. ಚೆನ್ನಾಗಿದ್ರೆ ನಾನೇ ತಗೋತೀನಿ" ಎಂದಿದ್ದರು. ಅಲ್ಲಿಂದ ನಮ್ಮ ಜಗಳ ಶುರುವಾಯಿತು. ಹೊರದೇಶದ ಕಂಪನಿಗಳು ಹೊಸ ಆಟಗಳನ್ನು ವೇದಿಕೆಯ ಮೇಲೆ ತೋರಿಸುವುದನ್ನು ಸೈಬರ್ ಸೆಂಟರಿನಲ್ಲಿ ಇಬ್ಬರೂ ನೋಡಿದ್ದೆವು. ಆಡುವವನು ತಡವರಿಸಿದರೆ, ಜನ ನಕ್ಕರೆ, ಬಸುವಿಗೆ ಖುಷಿ. ನನಗೋ ಎಲ್ಲೂ ತಪ್ಪಿಲ್ಲದೆ ಥಳಥಳ ಹೊಳೆಯುವ ವಿಡಿಯೋಗಳ ಮೇಲೇ ಕಣ್ಣು.

"ಮಗಾ, ವಿಡಿಯೋ ಮಾಡಿಬಿಡೋಣ ಕಣೋ. ಅಷ್ಟು ಜನರ ಮುಂದೆ ಹ್ಯಾಂಗ್ ಆದ್ರೆ ಮರ್ಯಾದೆ ಹೋಗತ್ತೆ."

"ಆಟ ಅಂದ್ರ ಆಡೇ ತೋರಿಸಬೇಕಲೇ. ವಿಡಿಯೋ ತೋರಿಸಿದ್ರ ಅದು ಸಿನಿಮಾ ಆಗ್ತದ. ನಿಂತ್ರ ನಿಲ್ಲಲಿ. ನಿಂತಿದ್ದು ನಮ್ಮದೇ ಆಟ ಅಲ್ಲೇನು? ಮತ್ತ ಚಾಲೂ ಮಾಡೋಣು."

ಸರಿ ಎಂದೆ. ಆದರೆ ಕಾರ್ಯಕ್ರಮಕ್ಕೆ ಎರಡು ದಿನ ಮುಂಚೆ ಅಭ್ಯಾಸ ಮಾಡುವಾಗ ಆಟ ಒಮ್ಮೆ ನಿಂತೇಹೋಯಿತು. ಬಸು ಅಂದೇ ಸರಿಮಾಡಿದ, ಹತ್ತು ಸಲ ಆಡಿ ತೋರಿಸಿದ, ಒಮ್ಮೆಯೂ ನಿಲ್ಲಲಿಲ್ಲ. ನಾನು ತಲೆಯಾಡಿಸಿದೆ — ಒಳಗೊಳಗೇ ನಂಬಲಿಲ್ಲ. ಇಡೀ ಬೀದಿಗೆ ಕಾರ್ಡು ಹಂಚಿದ್ದೆನಲ್ಲ! ಮರುದಿನ ಅವನು ಪ್ರಿಂಟಿಂಗ್ ಅಂಗಡಿಗೆ ಹೋಗಿದ್ದಾಗ, ನಾನು ಆಡಿದ ಒಂದು ಆಟವನ್ನು ಹಾಗೇ ವಿಡಿಯೋ ಆಗಿ ಉಳಿಸಿಕೊಂಡೆ. ಕಾರ್ಯಕ್ರಮದ ಬೆಳಿಗ್ಗೆ ಅವನು ಅವ್ವನನ್ನು ಕರೆತರಲು ರೈಲ್ವೆ ಸ್ಟೇಷನ್ನಿಗೆ ಹೋದಾಗ ಅದನ್ನೇ ತೆರೆದಿಟ್ಟೆ.

ಅವನು ವೇದಿಕೆ ಹತ್ತುವವನಲ್ಲ, ಸಂಕೋಚದ ಮುದ್ದೆ. ಮುಂದಿನ ಸಾಲಿನಲ್ಲಿ ಅವ್ವನ ಪಕ್ಕ ಕೂತ. ವೇದಿಕೆಯ ಮೇಲೆ ನಾನು, ಕಂಪ್ಯೂಟರು, ದೊಡ್ಡ ಪರದೆ, ಮತ್ತು ಮುಖ್ಯ ಅತಿಥಿ — ನನಗೆ ಸ್ಕೂಲಿನಲ್ಲಿ ಆಟ ಆಡಿಸಿದ ಪಿ.ಟಿ. ಮೇಷ್ಟ್ರು. ಉದ್ಘಾಟನೆಯೆಂದರೆ ಅತಿಥಿಗಳ ಕೈಯಿಂದ ಏನಾದರೂ ಆಗಬೇಕಲ್ಲ? ಮೇಷ್ಟ್ರು ಬಟನ್ ಒತ್ತುವುದು, ಪರದೆಯ ಮೇಲೆ ಮೊದಲ ಚೆಂಡು ಹಾರುವುದು ಎಂದು ಬಸು ಆಸೆಯಿಂದ ಯೋಚಿಸಿದ್ದ. ಅದಕ್ಕೆ ತಕ್ಕಂತೆ ನಾನೂ ವಿಡಿಯೋದ ಮೊದಲಲ್ಲಿ ಚೆಂಡು ಸುಮ್ಮನೆ ನಿಂತಿರುವ ಹಾಗೆ ಒಂದಿಷ್ಟು ಹೊತ್ತು ಬಿಟ್ಟಿದ್ದೆ. ಕುರ್ಚಿಯಿಂದ ಏಳಲು ಇಷ್ಟು, ನಾಲ್ಕು ಹೆಜ್ಜೆಗೆ ಇಷ್ಟು, ಒತ್ತಲು ಇಷ್ಟು — ಎಲ್ಲಾ ಲೆಕ್ಕ ಹಾಕಿದ್ದೆ.

ಮೇಷ್ಟ್ರನ್ನು ಮೈಕಿನಲ್ಲಿ ಕರೆದು, ಯಾರಿಗೂ ಕಾಣದ ಹಾಗೆ ವಿಡಿಯೋ ಓಡಿಸಿದೆ. ಮೇಷ್ಟ್ರು ಎದ್ದರು. ಬಂದರು. ಕೀಬೋರ್ಡಿಗೆ ಅಮ್ಮ ಇಟ್ಟಿದ್ದ ಅರಿಸಿನ ಕುಂಕುಮ ನೋಡಿದರು. ಚಪ್ಪಲಿ ಬಿಟ್ಟರು. ಕೈಮುಗಿದು, ಕಣ್ಣುಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಾ ನಿಂತುಬಿಟ್ಟರು.

ಅಯ್ಯೋ, ಅದೊಂದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೊಸ ಯಂತ್ರ ಮುಟ್ಟುವ ಮೊದಲು ನಮ್ಮ ಜನ ಕೈಮುಗಿಯುತ್ತಾರೆ ಎಂಬುದನ್ನು, ಆಯುಧಪೂಜೆಯ ದಿನ ಅಂಗಡಿಯ ತಕ್ಕಡಿಗೂ ಕೈಮುಗಿಯುವ ಮನೆಯಲ್ಲಿ ಹುಟ್ಟಿದ ನಾನು, ಮರೆತಿದ್ದೆ. ಮೇಷ್ಟ್ರ ಕೈ ಇನ್ನೂ ಎದೆಯ ಹತ್ತಿರ. ಪರದೆಯ ಮೇಲೆ ಚೆಂಡು ಹಾರಿತು. ಕಲ್ಲುಗಳು ಉರುಳಿದವು. ಹುಡುಗರು ಓಡತೊಡಗಿದರು.

"ಲೇ, ಸಾರ್ ಇನ್ನೂ ಒತ್ತೇ ಇಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು. "ವಿಡಿಯೋ ಗುರು ಇದು, ವಿಡಿಯೋ!" ಸಭೆಯೇ ಘೊಳ್ಳೆಂದಿತು. ಮೇಷ್ಟ್ರು ಕಣ್ಣುಬಿಟ್ಟು, "ನಾನು ಒತ್ತಿದ್ನೇನಪ್ಪಾ?" ಎಂದು ನನ್ನನ್ನು ಕೇಳಿದರು.

ಆಗ ಒಂದು ಮಾತು ಸಾಕಿತ್ತು. ‘ತಪ್ಪಾಯಿತು, ಭಯಕ್ಕೆ ಹೀಗೆ ಮಾಡಿದೆ, ಈಗ ನಿಜವಾದ ಆಟ ನೋಡಿ’ — ಅಷ್ಟೇ. ಆಟ ಅದೇ ಕಂಪ್ಯೂಟರಿನಲ್ಲಿತ್ತು. ಚೆನ್ನಾಗಿಯೇ ಇತ್ತು. ನಾನು ಮೈಕ್ ಹಿಡಿದು ಹೇಳಿದ್ದು ಇದು:

"ದಯವಿಟ್ಟು ಕ್ಷಮಿಸಿ. ಇದನ್ನೆಲ್ಲ ರೆಡಿ ಮಾಡಿದ್ದು ಬಸವರಾಜು. ವಿಡಿಯೋ ಹಾಕಿರೋದು ನನಗೂ ಗೊತ್ತಿರ್ಲಿಲ್ಲ. ಆಟ ಇನ್ನೂ ಮುಗಿದಿಲ್ಲ ಅನ್ಸತ್ತೆ."

ಬಸು ಎದ್ದು ವೇದಿಕೆಗೆ ಬಂದ. ವಿಡಿಯೋ ನಿಲ್ಲಿಸಿ ಮೌಸಿನ ಮೇಲೆ ಕೈಯಿಟ್ಟ. ಆಟ ತೆರೆದು ಒಂದು ಚೆಂಡು ಎಸೆದಿದ್ದರೆ ಸಾಕಿತ್ತು — ಅವನ ಮಾನ ಉಳಿಯುತ್ತಿತ್ತು, ನನ್ನದು ಅಲ್ಲೇ ಹರಾಜಾಗುತ್ತಿತ್ತು. ನಾನು ಮೈಕಿಗೆ ಕೈ ಅಡ್ಡ ಹಿಡಿದು, "ಪ್ಲೀಸ್ ಮಗಾ, ಅಪ್ಪ ಇದಾರೆ" ಎಂದೆ. ಅವನು ನನ್ನ ಮುಖ ನೋಡಿದ. ಆಮೇಲೆ ಕಂಪ್ಯೂಟರ್ ಆಫ್ ಮಾಡಿ ಕೆಳಗಿಳಿದ.

ಇಲ್ಲಿಗೇ ಮುಗಿದಿದ್ದರೆ... ಇಲ್ಲ, ಮುಗಿಯಲಿಲ್ಲ. ಉಪ್ಪಿಟ್ಟು ಕೇಸರಿಬಾತ್ ಹಂಚುತ್ತಿದ್ದಾಗ ಬಸುವಿನ ಅವ್ವ ನನ್ನನ್ನು ಹುಡುಕಿಕೊಂಡು ಬಂದರು. ಮಗನನ್ನು ಕೇಳಿರಲಿಲ್ಲ, ನನ್ನನ್ನು ಕೇಳಿದರು.

"ಖರೇ ಹೇಳಪಾ ತಮ್ಮಾ. ನಮ್ಮ ಬಸ್ಯಾ ಮಂದಿಗೆ ಮೋಸ ಮಾಡ್ಯಾನೇನು?"

ಬಸು ಮೂರು ಮಾರು ದೂರದಲ್ಲಿದ್ದ. ಅವನಿಗೆ ಕೇಳಿಸುತ್ತಿತ್ತು. ಈ ಸಲ ಸಭೆಯಿರಲಿಲ್ಲ, ಅಪ್ಪನೂ ಹತ್ತಿರವಿರಲಿಲ್ಲ.

"ಹೌದವ್ವಾ" ಎಂದೆ.

ಅವರು ತಟ್ಟೆಯನ್ನು ಹಾಗೇ ಕೆಳಗಿಟ್ಟರು. ನಮಗೆಂದು ಗದಗದಿಂದ ಹೊತ್ತು ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಅಮ್ಮನ ಕೈಗೆ ಕೊಟ್ಟು ಅಂದೇ ಊರಿಗೆ ಹೊರಟರು. ಆ ರೊಟ್ಟಿಯನ್ನು ನಾವು ವಾರವಿಡೀ ತಿಂದೆವು. ನಾನೂ ತಿಂದೆ.

ವ್ಯಾಪಾರಿ ಮತ್ತೆ ಫೋನ್ ಎತ್ತಲಿಲ್ಲ. ಸೈಬರ್ ಸೆಂಟರುಗಳಲ್ಲಿ ಬಸುವಿಗೆ "ವಿಡಿಯೋ ಬಸು" ಎಂಬ ಹೆಸರು ಬಿತ್ತು. ಆಟ ಮಾಡುವ ಒಂದೆರಡು ಕಂಪನಿಗಳಿಗೆ ಅವನು ಕೆಲಸ ಕೇಳಿಕೊಂಡು ಹೋದಾಗಲೂ ಆ ಹೆಸರು ಅವನಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಎರಡು ತಿಂಗಳಿಗೆ ರೂಮು ಖಾಲಿ ಮಾಡಿದ. ಹೋಗುವಾಗ ಬೀಗದಕೈ ಕೊಟ್ಟು, "ಬರ್ತೀನಿ" ಎಂದ. ಬೈದಿದ್ದರೆ — ಏನಾಗುತ್ತಿತ್ತೋ. ಲಗೋರಿ ಆಟ ಮಾತ್ರ ಮತ್ತೆಲ್ಲೂ ಹೊರಬರಲಿಲ್ಲ.

ನಾನೇನಾದೆ ಗೊತ್ತೇ? ಕಂಪನಿಗಳಿಗೆ ಹೊಸ ಆಟಗಳನ್ನು ಪರಿಚಯಿಸುವ ವಿಡಿಯೋ ಮಾಡಿಕೊಡುತ್ತೇನೆ. ಈಗ ವೇದಿಕೆ ಬಹುಪಾಲು ಯಾರಿಗೂ ಬೇಡ. ಎಲ್ಲ ಮೊದಲೇ ಚಿತ್ರಿಸಿದ್ದು, ಹತ್ತಾರು ಸಲ ತಿದ್ದಿದ್ದು. ಯಾರೂ ಅದನ್ನು ಮೋಸ ಎನ್ನುವುದಿಲ್ಲ, ಮೋಸವೂ ಅಲ್ಲ. ಇದನ್ನೇ ಎಷ್ಟೋ ವರ್ಷ ನನಗೆ ನಾನು ಹೇಳಿಕೊಂಡೆ: ನೋಡು, ಕೊನೆಗೆ ನೀನು ಹೇಳಿದ್ದೇ ಆಯಿತಲ್ಲ! ಆದರೆ ನಾನು ಮಾಡಿದ್ದೆಲ್ಲಿ, ಇದೆಲ್ಲಿ? ವಿಡಿಯೋವನ್ನು ಆಟ ಎಂದೆ. ಸಿಕ್ಕಿಬಿದ್ದಾಗ ಗೆಳೆಯನ ಹೆಸರು ಹೇಳಿದೆ.

ಹೋದ ತಿಂಗಳು ಕೆಂಗೇರಿ ಬಸ್ ನಿಲ್ದಾಣದಲ್ಲಿ ಬಸು ಸಿಕ್ಕಿದ. ಕೂದಲು ನರೆತಿದೆ. ಅಲ್ಲೇ ಹತ್ತಿರದ ಉಲ್ಲಾಳದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಂತೆ, ಅವ್ವ ಈಗ ಅವನ ಜೊತೆಯಲ್ಲೇ ಇದ್ದಾರಂತೆ. "ಅವ್ವ ಈಗ್ಲೂ ನಿನ್ನ ಕೇಳ್ತಾಳ" ಎಂದು ನಕ್ಕ. "ಬಸ್ಯಾ, ನೀ ಅಷ್ಟು ದೊಡ್ಡ ಮೋಸ ಮಾಡಿದ್ರೂ ಆ ಹುಡುಗ ಎರಡು ತಿಂಗಳು ಮನ್ಯಾಗ ಇಟ್ಕೊಂಡಿದ್ದ, ಭಾಳ ದೊಡ್ಡ ಮನಸು ಅಂತಾಳ." ಆ ನಗುವಿನಲ್ಲಿ ಕೊಂಕೇನೂ ಇರಲಿಲ್ಲ. ಬಸ್ಸು ಬಂತು, ತನ್ನ ನಂಬರು ಹೇಳಿ ಹತ್ತಿ ಹೋದ. ನಾನು ನನ್ನ ಬಸ್ಸು ಬಿಟ್ಟು ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತೆ.

ಅವ್ವನಿಗೆ ಹೇಳಬೇಕು. ಅಷ್ಟು ನಿಶ್ಚಯವಾಯಿತು. ಆಮೇಲೆ ಏನು ಮಾಡಿದೆ ಅಂತೀರಿ? ಫೋನ್ ಎದುರಿಗಿಟ್ಟುಕೊಂಡು ವಿಡಿಯೋ ಮಾಡಲು ಕೂತೆ! ಬಸುವಿಗೆ ಕಳಿಸಿದರೆ ಅವನೇ ತೋರಿಸುತ್ತಾನೆ ಎಂದು. ಮೊದಲ ಸಲ ಧ್ವನಿ ಒಡೆಯಿತು, ಅಳಿಸಿದೆ. ಎರಡನೇ ಸಲ ಬೆಳಕು ಸರಿಯಿಲ್ಲ ಅನ್ನಿಸಿತು. ಮೂರನೆಯದು ಬಹಳ ಚೆನ್ನಾಗಿ ಬಂತು — ಎಲ್ಲಿ ತಡೆಯಬೇಕೋ ಅಲ್ಲಿ ತಡೆದಿದ್ದೆ, ಎಲ್ಲಿ ಕಣ್ಣು ತುಂಬಬೇಕೋ ಅಲ್ಲಿ ತುಂಬಿತ್ತು. ಅದನ್ನೂ ಅಳಿಸಿಹಾಕಿದೆ. ಈ ಬರಹವನ್ನೂ ನಾಲ್ಕು ಸಲ ತಿದ್ದಿದ್ದೇನೆ, ಇದೂ ಅವರಿಗೆ ತಲುಪಿಸುವಂಥದ್ದಲ್ಲ.

ನಿನ್ನೆ ಬಸುವಿಗೆ ಫೋನ್ ಮಾಡಿ, "ಅವ್ವನ ಹತ್ರ ಮಾತಾಡ್ಬೇಕು ಕಣೋ, ಅವತ್ತಿಂದು" ಎಂದೆ. "ಭಾನುವಾರ ಬಾ" ಎಂದ.

ಭಾನುವಾರ ಬೆಳಿಗ್ಗೆ ಉಲ್ಲಾಳಕ್ಕೆ ಹೋಗುತ್ತೇನೆ. ಅವ್ವನ ಎದುರು ಕೂತು, "ಅವ್ವಾ, ಅವತ್ತು ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ" ಎನ್ನುತ್ತೇನೆ. ಅದರ ಮುಂದಿನ ಮಾತು ನನಗೆ ಗೊತ್ತಿಲ್ಲ. ಅಭ್ಯಾಸ ಮಾಡಿಲ್ಲ.