ಕೇಸ್‌ಶೀಟಿನಲ್ಲೊಂದು ‘ಪರವಾಗಿಲ್ಲ’

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ಶಂಕರಪುರಂನಲ್ಲಿ ನಾನು ಸ್ವಂತ ಫಿಸಿಯೋಥೆರಪಿ ಕ್ಲಿನಿಕ್ ತೆರೆದೆ. ಮಂಡಿನೋವಿನವರಿಗೆ ಚಿಕಿತ್ಸೆ ಕೊಡುವ ಜಾಗ ಮೊದಲನೇ ಮಹಡಿಯಲ್ಲಿ, ಹದಿನೆಂಟು ಮೆಟ್ಟಿಲ ಮೇಲೆ. ನನ್ನ ವ್ಯವಹಾರಜ್ಞಾನವನ್ನು ಓದುಗರು ಇದರಿಂದಲೇ ಅಂದಾಜು ಮಾಡಬಹುದು. ಆಗ ನನಗೆ ನಲವತ್ತೊಂಬತ್ತು. ಯಾರಾದರೂ ಜಾರಿ ಬೀಳುತ್ತಾರೆ, ಬಿಸಿನೀರಿನ ಚೀಲ ಒಡೆಯುತ್ತದೆ ಎಂದೆಲ್ಲ ಬೆಳಗ್ಗೆ ಬೀಗ ತೆಗೆಯುವ ಮೊದಲೇ ಚಿಂತಿಸಿ ಮುಗಿಸಿರುತ್ತಿದ್ದೆ.

ವತ್ಸಲಾ ಬಂದದ್ದು ಆ ವರ್ಷದ ಆಷಾಢದಲ್ಲಿ. ತ್ಯಾಗರಾಜನಗರದವರು, ನಲವತ್ತಾರು ವಯಸ್ಸು, ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಅವರಿಗಿದ್ದದ್ದು ರುಮಟಾಯ್ಡ್ ಆರ್ಥ್ರೈಟಿಸ್: ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ದಿಕ್ಕು ತಪ್ಪಿ ತನ್ನದೇ ಕೀಲುಗಳ ಮೇಲೆ ಬೀಳುವ ಕಾಯಿಲೆ. ಪೂರ್ತಿ ಗುಣವಾಗುವುದಿಲ್ಲ, ಹತೋಟಿಯಲ್ಲಿಡಬಹುದು. ಸೀಮೆಸುಣ್ಣ ಹಿಡಿಯಲಾಗದೆ ರಜೆಯ ಮೇಲಿದ್ದರು. ಕೀಲುವಾತದ ತಜ್ಞರು ವಾರಕ್ಕೊಮ್ಮೆ ನುಂಗುವ ಮಾತ್ರೆ ಕೊಟ್ಟು, ಬೆರಳುಗಳ ವ್ಯಾಯಾಮಕ್ಕೆ ನನ್ನಲ್ಲಿಗೆ ಕಳಿಸಿದ್ದರು.

ಪ್ರತಿ ಮಂಗಳವಾರ ಎರಡು ಅಳತೆ. ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ರೋಗಿ ಹೇಳಬೇಕು. ಮುಷ್ಟಿಯ ಬಲವನ್ನು ಡೈನಮೋಮೀಟರ್ ಎಂಬ ಹಿಡಿಕೆಯಂಥ ಯಂತ್ರ ಹೇಳುತ್ತದೆ. "ಹೇಗಿದೀರಿ ಮೇಡಂ?" ಎಂದರೆ, "ಪರವಾಗಿಲ್ಲ ಸಾರ್" ಎನ್ನುವರು. ನೋವು ಎಂಟರಲ್ಲಿದ್ದದ್ದು ಆರನೇ ವಾರಕ್ಕೆ ಮೂರಾಯಿತು. ‘ಸುಧಾರಣೆ’ ಎಂದು ಬರೆದು ಕೆಳಗೊಂದು ಗೆರೆಯನ್ನೂ ಎಳೆದೆ. ಆದರೆ ಮುಷ್ಟಿಯ ಬಲ ಒಂಬತ್ತು ಕಿಲೋದಿಂದ ಆರಕ್ಕೆ ಇಳಿದಿತ್ತು. ನೋವು ಕಡಿಮೆಯಾದವರ ಮುಷ್ಟಿ ಸೊರಗುವುದುಂಟೆ? ಎರಡು ದಿನ ಚಿಂತಿಸಿ, ಯಂತ್ರವನ್ನು ರಿಪೇರಿಗೆ ಕಳಿಸಿದೆ.

ಏನೂ ಕೆಟ್ಟಿಲ್ಲ ಎಂಬ ಚೀಟಿಯೊಂದಿಗೆ ಅದು ವಾಪಸಾಯಿತು. ಮುಂದಿನ ಮಂಗಳವಾರ ಆರು ಐದಾಗಿತ್ತು.

"ಮೇಡಂ, ನೋವು ನಿಜವಾಗ್ಲೂ ಮೂರೇನಾ?"

"ಎಷ್ಟು ಬೇಕೋ ಹಾಕ್ಕೊಳ್ಳಿ ಸಾರ್. ಮೂರು ಅಂದ್ರೆ ನಿಮ್ಮ ಮುಖ ಅರಳುತ್ತಲ್ಲ, ಅದಕ್ಕೇ ಹೇಳ್ದೆ."

"ಮತ್ತೆ ಪರವಾಗಿಲ್ಲ ಅಂತಿದ್ರಿ?"

"ಹೌದು. ಕೈ ಸೊಟ್ಟಗಾದ್ರೂ ಪರವಾಗಿಲ್ಲ, ಸ್ಕೂಲಿಗೆ ಹೋಗ್ದಿದ್ರೂ ಪರವಾಗಿಲ್ಲ. ಮಾತ್ರೆ ಬಿಟ್ಟು ತಿಂಗಳಾಯ್ತು."

‘ಮೊದಲಿಗಿಂತ ವಾಸಿ’ ಎಂದು ನಾನು ಕೇಳಿಸಿಕೊಂಡದ್ದನ್ನು ಅವರು ‘ಏನಾದರೂ ಆಗಲಿ’ ಎಂಬರ್ಥದಲ್ಲಿ ಹೇಳುತ್ತಿದ್ದರು. ಇಂಥ ದೀರ್ಘಕಾಲದ ಕಾಯಿಲೆಯ ಜೊತೆಗೆ ಖಿನ್ನತೆ ಬರುವುದು ಅಪರೂಪವಲ್ಲ ಎಂದು ನಾನೇ ಕಾಲೇಜಿನಲ್ಲಿ ಬರೆದು ಪಾಸಾಗಿದ್ದೆ. ಅದು ಎದುರಿಗೆ ಬಂದು ಕುಳಿತಾಗ ಗುರುತು ಹತ್ತಲಿಲ್ಲ. ಕೇಳಲೇಬೇಕಾದ ಪ್ರಶ್ನೆಯೊಂದು ಉಳಿದಿತ್ತು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತೆ ಎಂಬ ಭಯ. ಹಾಗಾಗುವುದಿಲ್ಲ ಎಂದು ಗೊತ್ತಿದ್ದೂ ಭಯ.

"ಸಾಯ್ಬೇಕು ಅನ್ಸುತ್ತಾ ಮೇಡಂ?"

"ಏನಾದ್ರೂ ಮಾಡ್ಕೋಬೇಕು ಅಂತಿಲ್ಲ. ಬೆಳಗ್ಗೆ ಎಚ್ಚರಾನೇ ಆಗ್ಬಾರ್ದು ಅನ್ಸುತ್ತೆ, ಅಷ್ಟೇ. ನೀವ್ಯಾಕೆ ಸಾರ್ ಹಿಂಗೆ ಬೆವರ್ತಿದೀರಿ? ನೀರು ಕುಡೀರಿ."

"ಮನೆಯವರಿಗೆ ಗೊತ್ತಾ?"

"ಅವರೂ ಹೇಗಿದೀಯ ಅಂತ ಕೇಳ್ತಾರೆ. ಅವರಿಗೂ ಪರವಾಗಿಲ್ಲ ಅಂತಾನೇ ಹೇಳ್ತೀನಿ."

ಒಬ್ಬರನ್ನೇ ಕಳಿಸಲು ಮನಸ್ಸಾಗಲಿಲ್ಲ. ಅವರನ್ನು ಒಪ್ಪಿಸಿ ಗಂಡನಿಗೆ ಫೋನ್ ಮಾಡಿದೆ, ಕೀಲುವಾತದ ತಜ್ಞರಿಗೆ ತಿಳಿಸಿದೆ, ಅದೇ ಮಧ್ಯಾಹ್ನಕ್ಕೆ ಮನೋವೈದ್ಯರೊಬ್ಬರ ಸಮಯ ಗಿಟ್ಟಿಸಿದೆ.

"ಕೀಲಿಗೊಬ್ರು, ವ್ಯಾಯಾಮಕ್ಕೆ ನೀವು, ಈಗ ಮನಸ್ಸಿಗೊಬ್ರು. ನಾನೇನು ತ್ರೈರಾಶಿ ಲೆಕ್ಕಾನಾ ಸಾರ್?"

"ಲೆಕ್ಕ ಬಿಡಿಸ್ದೆ ಪೇಪರ್ ಕೊಟ್ಟು ಎದ್ದು ಹೋಗ್ತೀನಿ ಅಂದ್ರೆ ಮಕ್ಕಳನ್ನ ನೀವು ಬಿಡ್ತಿದ್ರಾ?"

ಗಂಡ ಬರುವವರೆಗೂ ಅವರು ನನಗೆ ಬೆನ್ನು ಹಾಕಿ ಕೂತಿದ್ದರು. ಆದರೆ ಹೋದರು.

ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ವಾರಗಳು ಬೇಕು. ಕೀಲಿನ ಮಾತ್ರೆಯನ್ನೂ ತಜ್ಞರು ಮತ್ತೆ ಶುರುಮಾಡಿಸಿದರು. ನಾನು ಕೇಸ್‌ಶೀಟಿಗೆ ಒಂದು ಸಾಲು ಸೇರಿಸಿದೆ: ‘ಈ ವಾರ ಇಷ್ಟಪಟ್ಟು ಏನಾದರೂ ಕೆಲಸ ಮಾಡೋಣ ಅನ್ನಿಸಿತೆ?’ ಮೂರು ಮಂಗಳವಾರ ಉತ್ತರ ‘ಇಲ್ಲ’. ನಾಲ್ಕನೆಯದು ದಸರಾ ರಜೆಯಲ್ಲಿ. ಅಂದು ಕೀಲುಗಳು ಊದಿದ್ದವು. ಮೆಟ್ಟಿಲಲ್ಲಿ ಎರಡು ಕಡೆ ಕೂತು, ಸುಧಾರಿಸಿಕೊಂಡು ಮೇಲೆ ಬಂದರು.

"ಇಲ್ಲ. ಏನೂ ಅನ್ನಿಸ್ಲಿಲ್ಲ. ಆದ್ರೂ ಬಂದಿದೀನಿ, ಅದನ್ನೂ ಬರ್ಕೊಳ್ಳಿ."

ಬರೆದುಕೊಂಡೆ. ಮುಷ್ಟಿಯ ಬಲ ಅಂದೂ ಐದೇ. ಅದು ಏಳಕ್ಕೆ ಏರುವಷ್ಟರಲ್ಲಿ ಸಂಕ್ರಾಂತಿ ಬಂತು. ಹಬ್ಬ ಕಳೆದ ಮೇಲೆ ಅರ್ಧ ದಿನದ ಮಟ್ಟಿಗೆ ಶಾಲೆಗೆ ಮರಳಿದರು, ಸೀಮೆಸುಣ್ಣಕ್ಕೆ ದಪ್ಪ ಹಿಡಿಕೆ ಸಿಕ್ಕಿಸಿಕೊಂಡು.

ಕಾಯಿಲೆ ಎರಡೂ ಅವರನ್ನು ಬಿಟ್ಟು ಹೋಗಿಲ್ಲ. ಕಳೆದ ಚಳಿಗಾಲದಲ್ಲಿ ಅವರೇ ಫೋನ್ ಮಾಡಿದರು. "ಸಾರ್, ಮತ್ತೆ ಏನೂ ಬೇಡ ಅನ್ಸೋಕೆ ಶುರುವಾಗಿದೆ. ಮನೆಯಲ್ಲಿ ಹೇಳಿದೀನಿ, ಡಾಕ್ಟ್ರ ಹತ್ರ ಇವತ್ತೇ ಹೋಗ್ತಿದೀವಿ. ನೀವು ಗಾಬರಿ ಆಗ್ಬೇಡಿ."

ನಾನು ಗಾಬರಿಯಾದೆ, ಆ ಮಾತು ಬೇರೆ. ಚಿಂತೆ ಮಾಡುವುದನ್ನೇ ಕಾಳಜಿ ಎಂದುಕೊಂಡು ಅರ್ಧ ಆಯಸ್ಸು ಕಳೆದವನು ನಾನು. ಮೊದಲ ಆರು ವಾರ ಅವರ ಬೆರಳಿನ ಬಗ್ಗೆ, ಯಂತ್ರದ ಬಗ್ಗೆ ಬೇಕಾದಷ್ಟು ಚಿಂತಿಸಿದ್ದೆ. ಅವರನ್ನೇ ಕೂರಿಸಿಕೊಂಡು ಇನ್ನೊಂದು ಮಾತು ಕೇಳಿರಲಿಲ್ಲ. ಚಿಂತೆ ಈಗಲೂ ಬಿಟ್ಟಿಲ್ಲ. ಆದರೆ ಎದುರಿಗಿದ್ದವರನ್ನು ಕೇಳಿ ಆದ ಮೇಲೆ ಮಾಡುತ್ತೇನೆ.